ಪಾಲ್ಮಾ ಚಿಕ್ಕಮ್ಮನ ಮುಯ್ಯಿ ಲಕೋಟೆಗಳು

ಏ, ಬಂದರಿನ ಕಡೆ ಇಳಿದು ಹೋಗುತ್ತಿರುವವರೇ, ಸ್ವಲ್ಪ ನಿಲ್ಲಿ! ಮೇಲೆ ಬಟ್ಟೆ ಒಣಹಾಕುತ್ತಿರುವವರೇ, ಕ್ಲಿಪ್ಪು ಬಾಯಲ್ಲೇ ಇರಲಿ, ಕಿವಿಯೊಂದನ್ನು ಇತ್ತ ಕೊಡಿ ಸಾಕು. ಇಟಲಿಯ ಈ ನಮ್ಮ ಮೊನೋಪೊಲಿ ಊರಿನಲ್ಲಿ ಪಾಲ್ಮಾ ಚಿಕ್ಕಮ್ಮನನ್ನು ಅರಿಯದವರು ಯಾರಿದ್ದಾರೆ? ಮದುವೆಯಾದವರೆಲ್ಲ ಅವಳ ಅಂಗಡಿಯ ಮೆಟ್ಟಿಲು ಹತ್ತಿ ಬಂದವರೇ. ಆದರೆ ಅವಳು ಒಂದು ಕಂಪನಿಗೆ ಮದುವೆ ಮಾಡಿಸಲು ಹೊರಟಿದ್ದು ಎಲ್ಲರಿಗೂ ಪೂರ್ತಿ ಗೊತ್ತಿಲ್ಲ. ಕೇಳಿ.

ಹಳೆಯ ಬಂದರಿನ ಹಿಂದಿನ ಓಣಿಯಲ್ಲಿ, ಸುಣ್ಣದ ಗೋಡೆಗಳ ನಡುವೆ, ಇಬ್ಬರು ನಿಂತರೆ ತುಂಬಿಹೋಗುವ ಅಂಗಡಿ ಅವಳದು. ಮದುವೆಗೆ ಬಂದ ನೆಂಟರ ಕೈಗೆ ಹೊರಡುವಾಗ ಕೊಡುತ್ತಾರಲ್ಲ, ಆ ಪೊಟ್ಟಣ ಕಟ್ಟುವುದು ಅವಳ ಕಸುಬು. ಸಕ್ಕರೆ ಮುಚ್ಚಿದ ಬಾದಾಮಿ ಐದು, ಮೇಲೆ ಹೊಗೆಯಂಥ ಜಾಲರಿ ಬಟ್ಟೆ, ಕೊರಳಿಗೊಂದು ರೇಷ್ಮೆ ಪಟ್ಟಿಯ ಗಂಟು. ಬೆರಳು ತಮ್ಮಷ್ಟಕ್ಕೆ ತಾವು ಗಂಟು ಹಾಕುತ್ತಿದ್ದವು. ಕಣ್ಣು ಬಾಗಿಲಾಚೆ, ಎರಡು ಮನೆಗಳ ಸಂದಿಯಲ್ಲಿ ಕಾಣುವ ಒಂದು ಗೇಣು ಸಮುದ್ರದ ಮೇಲೆ. ಅಷ್ಟು ನೀರು ಸಾಕಿತ್ತು ಪಾಲ್ಮಾಳಿಗೆ. ಅದರ ಮೇಲೆ ತೇಲಿಕೊಂಡು ಎಲ್ಲೆಲ್ಲಿಗೋ ಹೋಗಿಬಿಡುತ್ತಿದ್ದಳು. ಗಿರಾಕಿ ಎರಡು ಸಲ ಕೂಗಿದ ಮೇಲೆ ದಡಕ್ಕೆ ಬರುತ್ತಿದ್ದಳು, ಅದೂ ಸ್ವಲ್ಪ ಮುನಿಸಿನಿಂದ.

ಅವಳ ಗಂಡ ಒರೋನ್ಸೊ ಮೀನುಗಾರ. ನೀಲಿ ಬಣ್ಣದ ಪುಟ್ಟ ಮರದ ದೋಣಿಯಲ್ಲಿ, ಡೀಸೆಲ್ ಮೋಟಾರಿನ ಪಕ್ಕದಲ್ಲೇ ಆಯಸ್ಸು ಸವೆಸಿದವನು. ಆ ಮೋಟಾರು ಡುಗುಡುಗು ಎನ್ನುತ್ತಾ ಅವನ ಎರಡೂ ಕಿವಿಗಳನ್ನು ಮೆಲ್ಲಗೆ ಮೇಯ್ದುಬಿಟ್ಟಿತ್ತು. ಹಾಗಾಗಿ ಅವರ ಮನೆಯಲ್ಲಿ ಮಾತೆಂದರೆ ಕೂಗಾಟ. ಗುಟ್ಟು ಹೇಳಬೇಕಾದರೂ ಓಣಿಗೆಲ್ಲ ಕೇಳುವಂತೆ ಹೇಳಬೇಕು. ಪಾಲ್ಮಾಳ ಮನೆಯ ಗುಟ್ಟುಗಳೆಲ್ಲ ನಮಗೆ ಗೊತ್ತಿರುವುದು ಹಾಗೆಯೇ, ಬೇರೆ ಯಾವ ಚಾಡಿಯಿಂದಲೂ ಅಲ್ಲ.

ಪಾಲ್ಮಾಳ ಅಕ್ಕನ ಮಗಳು ಅನ್ನರೀತಾ. ಬಾರಿ ಪಟ್ಟಣದಲ್ಲಿ ಮೋಟಾರುಗಳ ಓದು ಓದಿ ಬಂದವಳು, ದೋಣಿ ಕಟ್ಟುವವರ ಅಂಗಳದ ಹಿಂದೆ ಒಂದು ಶೆಡ್ಡು ಬಾಡಿಗೆಗೆ ಹಿಡಿದು, ಬ್ಯಾಟರಿಯಿಂದ ಓಡುವ ಮೋಟಾರೊಂದನ್ನು ಮಾಡಿದ್ದಳು. ದೊಡ್ಡ ಹಡಗಿಗಲ್ಲ, ನಮ್ಮ ಪುಟ್ಟ ದೋಣಿಗಳಿಗೇ ಎಂದು ಮಾಡಿದ್ದು. ಏಪ್ರಿಲಿನ ಒಂದು ಬೆಳಗಿನ ಜಾವ ಅದನ್ನು ಒರೋನ್ಸೊನ ದೋಣಿಗೆ ಕೂರಿಸಿ, ಚಿಕ್ಕಮ್ಮ ಚಿಕ್ಕಪ್ಪ ಇಬ್ಬರನ್ನೂ ಹತ್ತಿಸಿಕೊಂಡು ಹೊರಟಳು.

ಬಂದರಿನ ಬಾಯಿ ದಾಟುವವರೆಗೂ ಪಾಲ್ಮಾ ಉಸಿರು ಬಿಡಲಿಲ್ಲ. ಅಷ್ಟು ವರ್ಷ ಸಮುದ್ರದ ಪಕ್ಕದಲ್ಲೇ ಬದುಕಿದವಳು, ದೋಣಿಯೊಳಗೆ ಕೂತು ನೀರಿನ ಸದ್ದು ಕೇಳಿದ್ದು ಅವತ್ತೇ ಮೊದಲು. ಹಲಗೆಯ ಕೆಳಗೆ ನೀರು ಯಾರೋ ರೇಷ್ಮೆ ಬಟ್ಟೆ ಮಡಿಸಿಡುವ ಹಾಗೆ ಸರಸರ ಎನ್ನುತ್ತಿತ್ತು. ಹಕ್ಕಿಯೊಂದು ರೆಕ್ಕೆ ಬಡಿದದ್ದು ಕೇಳಿಸಿತು. ಒರೋನ್ಸೊ ಮಾತ್ರ ಎಂದಿನಂತೆ ಅಂಗೈಯನ್ನು ಹಲಗೆಗೆ ಒತ್ತಿ ನೋಡಿದ. ಅವನಿಗೆ ಕಿವಿಯ ಕೆಲಸವನ್ನೆಲ್ಲ ಮಾಡುತ್ತಿದ್ದುದು ಆ ಅಂಗೈ. ನಡುಕವೇ ಇಲ್ಲ.

"ಮೋಟಾರ್ ನಿಂತೋಯ್ತು," ಎಂದು ಗೊಣಗಿ ಹುಟ್ಟು ಕೈಗೆತ್ತಿಕೊಂಡ.

ಅನ್ನರೀತಾ ದಡದ ಕಡೆ ಕೈ ತೋರಿಸಿದಳು. ಮನೆಗಳು, ಕೋಟೆ, ಚರ್ಚಿನ ಗೋಪುರ ಎಲ್ಲ ತಮ್ಮ ಪಾಡಿಗೆ ಹಿಂದೆ ಹಿಂದೆ ಸರಿಯುತ್ತಿದ್ದವು. ಒರೋನ್ಸೊ ಹುಟ್ಟನ್ನು ಕೆಳಗಿಟ್ಟು ಅಂಗೈಯನ್ನು ಮತ್ತೆ ಹಲಗೆಗೆ ಒತ್ತಿದ. ಅವತ್ತಿನಿಂದ ಪಾಲ್ಮಾಳ ಕನಸಿನ ಸಮುದ್ರಕ್ಕೆ ಒಂದು ದೋಣಿ ಸಿಕ್ಕಿತು. ಇಡೀ ಬಂದರು ಸದ್ದಿಲ್ಲದೆ ಹೊರಡುವುದು, ದೋಣಿಯಿಂದ ದೋಣಿಗೆ ಗಂಡಸರು ಪಿಸುಮಾತಾಡುವುದು, ಮೀನುಗಳು ಗಾಬರಿಯಾಗದೆ ಬಲೆಗೆ ಬರುವುದು, ಇವನ್ನೆಲ್ಲ ಬಾದಾಮಿ ಕಟ್ಟುತ್ತಾ ಕಾಣುತ್ತಿದ್ದಳು.

ಒಂದು ಮೋಟಾರಿನಿಂದ ಕಂಪನಿ ಆಗುವುದಿಲ್ಲವಲ್ಲ. ಬ್ಯಾಂಕಿನವರು ಅನ್ನರೀತಾಳಿಗೆ ಕಾಫಿ ಕೊಟ್ಟು ಕಳುಹಿಸಿದ್ದರು, ಸಾಲ ಕೊಡಲಿಲ್ಲ. ಶೆಡ್ಡಿನ ಮಾಲೀಕನಂತೂ ಬೇಸಿಗೆ ಮುಗಿಯುವುದರೊಳಗೆ ಜಾಗ ಬಿಡು ಎಂದಿದ್ದ. ಅಷ್ಟರಲ್ಲಿ ಕಂಪನಿ ನಿಲ್ಲದಿದ್ದರೆ ಆ ಮೋಟಾರನ್ನು ಬಿಚ್ಚಿ ಬಿಡಿಭಾಗ ಮಾರುವುದೊಂದೇ ದಾರಿ. ಆಗ ಅವಳು ಹಿಡಿದದ್ದು ಮಂದಿಯ ಪಾಲಿನ ಹಾದಿ.

"ಕಂಪನೀನ ಸಣ್ಣ ಸಣ್ಣ ಪಾಲು ಮಾಡಿ ಮಾರ್ತೀವಿ ಚಿಕ್ಕಮ್ಮ. ಒಬ್ಬ ಸಾಹುಕಾರನ ಬಾಗ್ಲು ಕಾಯೋ ಬದ್ಲು ನೂರಾರು ಜನ ಸ್ವಲ್ಪ ಸ್ವಲ್ಪ ಹಾಕ್ತಾರೆ. ಹಾಕ್ದೋರೆಲ್ಲ ಮಾಲೀಕರೇ."

ಉಳಿದದ್ದನ್ನೂ ಅವಳು ಬಿಡಿಸಿಯೇ ಹೇಳಿದಳು. ಸರ್ಕಾರದ ಅನುಮತಿ ಇರುವ ಒಂದು ವೆಬ್‌ಸೈಟಿನಲ್ಲೇ ಇದೆಲ್ಲ ನಡೆಯಬೇಕು. ಗೊತ್ತುಮಾಡಿದ ದಿನದೊಳಗೆ ಕನಿಷ್ಠ ಗುರಿ ಮುಟ್ಟಬೇಕು. ಮುಟ್ಟದಿದ್ದರೆ ಹಾಕಿದವರ ದುಡ್ಡೆಲ್ಲ ಅವರವರಿಗೆ ಹಿಂದಕ್ಕೆ ಹೋಗುತ್ತದೆ, ಕಂಪನಿಗೆ ಬಿಡಿಗಾಸೂ ಸಿಗುವುದಿಲ್ಲ. ಪಾಲ್ಮಾ ತಲೆಯಾಡಿಸಿದಳು. ಆದರೆ "ನೂರಾರು ಜನ ಸ್ವಲ್ಪ ಸ್ವಲ್ಪ" ಎಂಬಲ್ಲಿಗೇ ಅವಳ ದೋಣಿ ಆ ಗೇಣುದ್ದದ ನೀರಿಗೆ ಇಳಿದಾಗಿತ್ತು.

ಇದರಲ್ಲಿ ಹೊಸತೇನಿದೆ ಎಂದುಕೊಂಡಳು. ನಮ್ಮಲ್ಲಿ ಪ್ರತಿ ಸಂಸಾರವೂ ನಿಂತಿರುವುದು ಹೀಗೆಯೇ ಅಲ್ಲವೇ? ಮದುವೆಗೆ ಬಂದವರೆಲ್ಲ ಬಿಳಿ ಲಕೋಟೆಯಲ್ಲಿ ಮುಯ್ಯಿ ಇಟ್ಟು ಕೊಡುತ್ತಾರೆ. ಒಬ್ಬರದು ಮಂಚವಾಗುತ್ತದೆ, ಇನ್ನೊಬ್ಬರದು ಒಲೆಯಾಗುತ್ತದೆ, ಅಂತೂ ಮನೆಯೊಂದು ಏಳುತ್ತದೆ.

ಮರುದಿನದಿಂದಲೇ ಅಂಗಡಿಗೆ ಬಂದವರಿಗೆಲ್ಲ ಸುದ್ದಿ. ಅನ್ನರೀತಾಳ ಮೋಟಾರಿಗೆ ನೀವೂ ಕೈ ಜೋಡಿಸಿ, ನೀವೂ ಮಾಲೀಕರಾಗಿ ಎಂದಳು. ಯಾವ ದಿನ ಎಂದು ಕೇಳಿದರು. ಜೂನ್ ತಿಂಗಳ ಎರಡನೇ ಶನಿವಾರ, ಸಂಜೆ ಎಂಟಕ್ಕೆ ಮುಗಿಯುತ್ತದೆ ಎಂದಳು. ದಿನವಿದೆ, ಗಂಟೆಯಿದೆ, ಮನೆಮಗಳಿದ್ದಾಳೆ, ಹೇಳುತ್ತಿರುವವಳು ಮದುವೆ ಪೊಟ್ಟಣದ ಪಾಲ್ಮಾ. ಮದುವೆಯ ಮುಯ್ಯಿ ಎಂದಲ್ಲದೆ ಜನ ಇನ್ನೇನೆಂದು ತಿಳಿಯಬೇಕು?

ಲಕೋಟೆಗಳು ಬರತೊಡಗಿದವು.

ಮೊದಲನೆಯದನ್ನು ತಂದವನು ವಿತಾಂತೋನಿಯೊ. ಎದುರು ಮನೆಯ ಮೂರನೇ ಮಹಡಿಯವನು, ಒರೋನ್ಸೊನ ಬಾಲ್ಯದ ಗೆಳೆಯ, ಒಂದು ಕಾಲದಲ್ಲಿ ಮೀನು ಹರಾಜು ಕೂಗುತ್ತಿದ್ದವನು. ಹಿಂಬದಿಯಲ್ಲಿ ಹೆಸರು ಬರೆದು, ಕೆಳಗೆ "ಸುಖವಾಗಿರಲಿ" ಎಂದು ಸೇರಿಸಿದ್ದ. ಆಮೇಲೆ ಕ್ಷೌರದಂಗಡಿಯ ಫಿಲೊಮೆನಾ, ಬೇಕರಿಯವರು, ಐಸ್ ಕಾರ್ಖಾನೆಯವರು, ದೋಣಿ ಬಡಗಿಗಳು. ಪಾಲ್ಮಾ ಪ್ರತಿಯೊಬ್ಬರಿಗೂ ನೀಲಿ ಜಾಲರಿಯಲ್ಲಿ ಐದು ಬಾದಾಮಿ ಕಟ್ಟಿಕೊಟ್ಟಳು, ಲಕೋಟೆಯನ್ನು ರೇಷ್ಮೆ ಪಟ್ಟಿಗಳ ಸೆಳೆಖಾನೆಗೆ ಸೇರಿಸಿದಳು. ಮದುವೆಯ ಊಟ ಮುಗಿಯುವ ಮೊದಲು ಮುಯ್ಯಿ ಲಕೋಟೆ ಒಡೆಯಬಾರದು, ಹುಡುಗಿಯ ಕಣ್ಣಿಗೂ ಬೀಳಬಾರದು ಎಂಬುದು ಎಲ್ಲ ಮನೆಗಳ ಕಟ್ಟಳೆ. ಹಾಗಾಗಿ ಅನ್ನರೀತಾಳಿಗೆ ಒಂದು ಮಾತೂ ಹೇಳಲಿಲ್ಲ.

ಅತ್ತ ವೆಬ್‌ಸೈಟಿನಲ್ಲಿ ಹಸಿರು ಪಟ್ಟಿಯೊಂದಿತ್ತು. ದುಡ್ಡು ಬಂದಷ್ಟೂ ಅದು ಬಲಕ್ಕೆ ಬೆಳೆಯಬೇಕು. ಅದು ಅರ್ಧ ದಾರಿಗೆ ಬಂದು ನಿಂತುಬಿಟ್ಟಿತ್ತು. ಅನ್ನರೀತಾ ದಿನದಿಂದ ದಿನಕ್ಕೆ ಇಳಿದುಹೋದಳು. ಅವಳ ಸಪ್ಪೆ ಮುಖ ಕಂಡಾಗೆಲ್ಲ ಪಾಲ್ಮಾ ಒಳಗೊಳಗೇ ನಗುತ್ತಿದ್ದಳು. ಹಬ್ಬದ ಹಿಂದಿನ ದಿನ ಮಕ್ಕಳಿಗೆ ಹೊಸ ಬಟ್ಟೆ ಬಚ್ಚಿಟ್ಟ ತಾಯಿಯ ನಗು ಅದು.

ಶುಕ್ರವಾರ ಮಧ್ಯಾಹ್ನ ಅನ್ನರೀತಾ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದಳು. ನಾಳೆಗೆ ಎಲ್ಲ ಮುಗಿಯಿತು, ದೂರದೂರಿನ ಯಾರ್‍ಯಾರೋ ಹಾಕಿದ್ದಾರೆ, ಸ್ವಂತ ಊರಿನವರೇ ನಂಬಲಿಲ್ಲ ಎಂದಳು. ಪಾಲ್ಮಾಳಿಗೆ ತಡೆಯಲಾಗಲಿಲ್ಲ. ಸೆಳೆಖಾನೆ ಎಳೆದಳು.

ಅನ್ನರೀತಾ ಲಕೋಟೆಗಳನ್ನು ನೋಡಿದಳು. ಒಂದನ್ನೆತ್ತಿ ಹಿಂಬದಿಯ ಹೆಸರು ಓದಿದಳು, ಇನ್ನೊಂದನ್ನು ಓದಿದಳು. ಕುಣಿಯುತ್ತಾಳೆ ಎಂದು ಕಾದಿದ್ದ ಪಾಲ್ಮಾಳಿಗೆ, ಹುಡುಗಿ ಮುಖ ಮುಚ್ಚಿಕೊಂಡದ್ದು ಮೊದಲು ಆನಂದ ಎಂದೇ ಕಂಡಿತು.

"ಚಿಕ್ಕಮ್ಮ, ಇದರಲ್ಲಿ ಒಂದು ನೋಟನ್ನೂ ನಾನು ಮುಟ್ಟೋ ಹಾಗಿಲ್ಲ."

ಪ್ರತಿಯೊಬ್ಬರೂ ಅವರವರ ಹೆಸರಿನಲ್ಲಿ, ಅವರವರ ಖಾತೆಯಿಂದ, ಆ ಸೈಟಿನ ಮೂಲಕವೇ ಹಾಕಬೇಕು. ಕೈಗೆ ಬಂದ ದುಡ್ಡು ಹಾಕಿದರೆ ಕಾನೂನಿಗೆ ವಿರುದ್ಧ. ಅವರು ಪಾಲುದಾರರೂ ಆಗುವುದಿಲ್ಲ. ನಾನು ಮೊದಲೇ ಹೇಳಿದ್ದೆನಲ್ಲ ಎಂದಳು ಅನ್ನರೀತಾ. ಹೇಳಿದ್ದು ಹೌದು ಎಂದು ಪಾಲ್ಮಾಳಿಗೂ ಆಗ ನೆನಪಾಯಿತು. ಎಲ್ಲೋ ದೂರದ ದಡದಲ್ಲಿ ನಿಂತು ಯಾರೋ ಕೂಗಿದ ಮಾತಿನ ಹಾಗೆ.

ಈಗ ಆ ಲಕೋಟೆಗಳನ್ನು ಹಿಂದಕ್ಕೆ ಕೊಡಬೇಕಿತ್ತು. ನಮ್ಮೂರಲ್ಲಿ ಮುಯ್ಯಿ ಹಿಂದಿರುಗಿಸುವುದೆಂದರೆ ಏನು ಗೊತ್ತೇ? ನಿಮ್ಮ ಮನೆ ನೆಂಟಸ್ತಿಕೆ ಬೇಡ ಎಂದು ಬಾಗಿಲಲ್ಲಿ ನಿಂತು ಹೇಳಿದಂತೆ. ಪಾಲ್ಮಾ ಮೊದಲು ಹತ್ತಿದ್ದು ವಿತಾಂತೋನಿಯೊನ ಮೆಟ್ಟಿಲು. ಅವನು ಅವಳ ಕೈಯಲ್ಲಿದ್ದುದನ್ನು ನೋಡಿ ಬಾಗಿಲನ್ನು ಅರ್ಧಕ್ಕೇ ನಿಲ್ಲಿಸಿದ.

"ಕೊಟ್ಟಿದ್ದು ಕೊಟ್ಟಾಯ್ತು ಪಾಲ್ಮಾ. ಬೇಡ ಅಂದ್ರೆ ಸಮುದ್ರಕ್ಕೆ ಹಾಕು. ನನ್ನ ಮನೆ ಒಳಗೆ ತರ್ಬೇಡ."

ಬಾಗಿಲು ಮುಚ್ಚಿತು. ಲಕೋಟೆ ಅವಳ ಕೈಯಲ್ಲೇ ಉಳಿಯಿತು.

ಅಂಗಡಿಗೆ ಬಂದು ಪಾಲ್ಮಾ ಸ್ಟೂಲಿನ ಮೇಲೆ ಕೂತಳು. ಕೈಗಳು ಮಾತ್ರ ಸುಮ್ಮನಿರಲಿಲ್ಲ, ಅಭ್ಯಾಸದಂತೆ ಜಾಲರಿ ಬಟ್ಟೆ ಕತ್ತರಿಸುತ್ತಿದ್ದವು. ನೋಡನೋಡುತ್ತಿದ್ದಂತೆ ಒಂದು ಲಕೋಟೆಯ ಸುತ್ತ ಜಾಲರಿ ಬಂತು, ರೇಷ್ಮೆ ಪಟ್ಟಿ ಬಂತು, ಗಂಟು ಬಿತ್ತು. ಅವಳೇ ತನ್ನ ಕೈಯನ್ನು ಬೆರಗಿನಿಂದ ನೋಡಿದಳು. ಮುಯ್ಯಿ ಹಿಂದಕ್ಕೆ ಕೊಟ್ಟರೆ ಅವಮಾನ ನಿಜ. ಆದರೆ ಮನೆಯವರು ಕೊಡುವ ಪೊಟ್ಟಣವನ್ನು ಒಲ್ಲೆ ಎಂದ ನೆಂಟ ಈವರೆಗೆ ಹುಟ್ಟಿಲ್ಲ.

ಅವತ್ತು ಸಂಜೆಯೊಳಗೆ ಮನೆ ಮನೆಗೆ ಹೋಗಿ ಎಲ್ಲ ಕೊಟ್ಟು ಬಂದಳು. ಇದು ನನ್ನ ಕಡೆಯಿಂದ ಉಡುಗೊರೆ, ನಾಳೆ ಸಂಜೆ ಅಂಗಡಿ ಮುಂದೆ ಬನ್ನಿ, ಬರುವಾಗ ಫೋನು, ಗುರುತಿನ ಚೀಟಿ ತನ್ನಿ ಎಂದಳು. ಎಲ್ಲರೂ ತೆಗೆದುಕೊಂಡರು. ವಿತಾಂತೋನಿಯೊ ಮಾತ್ರ ಬಾಗಿಲು ತೆರೆಯಲಿಲ್ಲ. ಅವನದನ್ನು ಚಿಲಕಕ್ಕೆ ನೇತುಹಾಕಿ ಇಳಿದಳು.

ಶನಿವಾರ ಇಳಿಹೊತ್ತಿಗೆ ಓಣಿಯ ತುಂಬ ಕುರ್ಚಿ. ಜನ ನಿಜವಾಗಿಯೂ ಮದುವೆಗೆ ಬಂದವರ ಹಾಗೆ ಇಸ್ತ್ರಿ ಬಟ್ಟೆ ತೊಟ್ಟು ಬಂದಿದ್ದರು. ಬೇಕರಿಯವರು ಬಿಸಿ ಫೊಕಾಚ್ಚಾ ರೊಟ್ಟಿಯ ತಟ್ಟೆ ತಂದಿಟ್ಟರು. ಟೊಮೆಟೊ, ಎಣ್ಣೆಯ ವಾಸನೆಯ ನಡುವೆ ಅನ್ನರೀತಾ ಕಂಪ್ಯೂಟರ್ ತೆರೆದು ಕೂತಿದ್ದಳು. ಒಬ್ಬೊಬ್ಬರಾಗಿ ಬಂದು ಹೆಸರು ಹೇಳಿ, ತಮ್ಮ ತಮ್ಮ ಫೋನಿನಲ್ಲಿ ಒತ್ತುತ್ತಾ ಹೋದರು. ಎಲ್ಲ ಸುಸೂತ್ರ ಎನ್ನುವಾಗ ಆ ಪ್ರಶ್ನೆ ಬಂತು. ಪಾಲು ಕೊಳ್ಳುವವರಿಗೆ ಅದನ್ನು ಕೇಳಲೇಬೇಕೆಂದು ಕಾನೂನು. ನೀವು ಹಾಕಿದ ಹಣವೆಲ್ಲ ಪೂರ್ತಿ ಮುಳುಗಿಹೋಗಬಹುದು, ಇದು ನಿಮಗೆ ಅರ್ಥವಾಗಿದೆಯೇ?

ಮೊದಲು ಓದಿದವಳು ಫಿಲೊಮೆನಾ. ಓದಿದ್ದೇ ತಡ, ಅಪಶಕುನ ತಟ್ಟದಿರಲೆಂದು ಜೇಬಿನಲ್ಲಿದ್ದ ಕಬ್ಬಿಣದ ಬೀಗದಕೈ ಹಿಡಿದುಕೊಂಡಳು. ಅವಳ ಹಿಂದಿದ್ದವರು ಕುರ್ಚಿಯ ಕಬ್ಬಿಣದ ಕಾಲು ಮುಟ್ಟಿದರು, ಕಿಟಕಿಯ ಸರಳು ಮುಟ್ಟಿದರು. ಶುಭಕಾರ್ಯದ ಹೊತ್ತಲ್ಲಿ ಮುಳುಗುವ ಮಾತಾಡಿ, ಅದಕ್ಕೆ ಹೌದು ಎಂದು ಬೇರೆ ಒತ್ತಬೇಕೇ? ಬೆರಳುಗಳೆಲ್ಲ ಗಾಳಿಯಲ್ಲೇ ನಿಂತವು.

"ಮದುವೆ ದಿನ ಯಾರಾದ್ರೂ ಹುಡುಗೀನ ಹಿಡ್ಕೊಂಡು, ನಿನ್ನ ಸಂಸಾರ ಹಾಳಾದ್ರೆ ಏನ್ಮಾಡ್ತೀಯಾ ಅಂತ ಕೇಳ್ತಾರೇನೇ?" ಎಂದಳು ಫಿಲೊಮೆನಾ.

ಅನ್ನರೀತಾ ಕಂಪ್ಯೂಟರಿನತ್ತ ತಿರುಗಿದಳು. ಹಸಿರು ಪಟ್ಟಿ ನಿಂತಲ್ಲೇ ನಿಂತಿತ್ತು. ಗೋಪುರದಲ್ಲಿ ಏಳು ಬಡಿಯಿತು. ಜನರ ನಡುವೆ, ಕನಸು ಕಾಣಲು ಒಂದು ಗೇಣು ಸಮುದ್ರವೂ ಕಾಣದ ಜಾಗದಲ್ಲಿ ಪಾಲ್ಮಾ ಎದ್ದು ನಿಂತಳು.

"ಕೇಳ್ತಾರೆ ಫಿಲೊಮೆನಾ. ಪಾದ್ರಿಗಳು ಕೇಳೋದೇ ಅದು. ಕಷ್ಟ ಬಂದ್ರೂ ಇರ್ತೀಯಾ, ಕಾಯಿಲೆ ಬಂದ್ರೂ ಇರ್ತೀಯಾ ಅಂತ. ನೀನು ಎಲ್ಲರ ಮುಂದೆ ಹೂಂ ಅಂದಿದ್ದೆ, ನಾನು ಹಿಂದಿನ ಬೆಂಚಲ್ಲೇ ಇದ್ದೆ."

"ಅಂದಿದ್ದೆ ತಾಯಿ. ಅದಕ್ಕೆ ಸಿಕ್ಕಿದ್ದನ್ನ ನೋಡು," ಎಂದು ಫಿಲೊಮೆನಾ ಫೊಕಾಚ್ಚಾ ಮೆಲ್ಲುತ್ತಿದ್ದ ಗಂಡನ ಕಡೆ ಗಲ್ಲ ತಿರುಗಿಸಿದಳು. ಓಣಿ ನಕ್ಕಿತು.

ನಗು ಇಳಿದ ಮೇಲೆ ಪಾಲ್ಮಾ ತನ್ನ ಅಂಗಡಿಯಲ್ಲಿ ಅಷ್ಟು ದಿನ ಹೇಳದೆ ಬಿಟ್ಟಿದ್ದನ್ನು ಹೇಳಿದಳು. ಇದು ಮುಯ್ಯಿ ಅಲ್ಲ. ಮುಯ್ಯಿಯಾದರೆ ನಿಮ್ಮ ಮಗಳ ಮದುವೆಗೆ ತಿರುಗಿ ಬರುತ್ತದೆ, ಇದು ಬರದೇ ಇರಬಹುದು. ಮೋಟಾರು ಓಡಬಹುದು, ಕಂಪನಿ ಓಡದೇ ಇರಬಹುದು. ವರ್ಷಗಟ್ಟಲೆ ಏನೂ ಸಿಗದೇ ಇರಬಹುದು. ಕಳೆದುಕೊಂಡರೆ ಮನೆಯ ಒಲೆ ಆರುತ್ತದೆ ಎನ್ನುವವರು ದಯವಿಟ್ಟು ಒತ್ತಬೇಡಿ, ಫೊಕಾಚ್ಚಾ ತಿಂದು ಹೋಗಿ, ನಮ್ಮ ನಡುವೆ ಏನೂ ಕೆಡುವುದಿಲ್ಲ ಎಂದಳು. ಆಮೇಲೆ ತನ್ನ ಫೋನು ತೆಗೆದು, ಎಲ್ಲರೂ ನೋಡುವ ಹಾಗೆ, ತಾನು ಮೊದಲು ಹೌದು ಎಂದು ಒತ್ತಿದಳು.

ಕೆಲವರು ಎದ್ದು ಹೋದರು. ದೋಣಿ ಬಡಗಿಗಳಲ್ಲಿ ಇಬ್ಬರು, ಐಸ್ ಕಾರ್ಖಾನೆಯವರು. ಪಾಲ್ಮಾ ಅವರ ಕೈಹಿಡಿದು ಬೀಳ್ಕೊಟ್ಟಳು. ಉಳಿದವರು ಒಂದು ಕೈಯಲ್ಲಿ ಕಬ್ಬಿಣ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಒತ್ತತೊಡಗಿದರು. ಮನಸ್ಸು ಬದಲಾದರೆ ಹಿಂತೆಗೆಯಲು ನಾಲ್ಕು ದಿನ ಸಮಯವಿದೆ ಎಂದು ಅನ್ನರೀತಾ ವಿವರಿಸಿದಾಗ, ಫಿಲೊಮೆನಾ ಮತ್ತೆ ಗಂಡನನ್ನು ನೋಡಿ, "ಇದನ್ನ ಚರ್ಚಲ್ಲಿ ಯಾಕೆ ಇಟ್ಟಿಲ್ವೋ," ಎಂದು ನಿಟ್ಟುಸಿರು ಬಿಟ್ಟಳು.

ಹಸಿರು ಪಟ್ಟಿ ತೆವಳಿತು, ಆಮೇಲೆ ನಡೆಯಿತು. ಪಟ್ಟಿ ಅಲುಗಾಡಿದ್ದನ್ನು ಕಂಡು ದೂರದವರಿಗೂ ಧೈರ್ಯ ಬಂದಿರಬೇಕು. ಜೆನೋವಾ, ತ್ರಿಯೆಸ್ತೆ ಎಂದು ದೂರದ ಊರುಗಳ ಹೆಸರುಗಳು ಒಂದೊಂದೇ ಸೇರಿಕೊಂಡವು. ಬೆಳಕು ಜೇನಿನ ಬಣ್ಣಕ್ಕೆ ತಿರುಗಿ ಸುಣ್ಣದ ಗೋಡೆಗಳ ಮೇಲೆ ಮೆಲ್ಲಗೆ ಜಾರುತ್ತಿತ್ತು. ಎಂಟು ಹತ್ತಿರವಾದಾಗ ಗುರಿಗೆ ಇನ್ನು ಬೆರಳಿನಷ್ಟು ಬಾಕಿ. ಓಣಿಯಲ್ಲಿ ಒತ್ತುವವರು ಯಾರೂ ಉಳಿದಿರಲಿಲ್ಲ.

ಆಗ ಮೇಲಿನಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ಇಳಿಯಿತು. ತರಕಾರಿಯವನಿಂದ ಸೊಪ್ಪು ಎಳೆದುಕೊಳ್ಳುವ ಬುಟ್ಟಿ ಅದು. ಈಗ ಅದರಲ್ಲಿ ವಿತಾಂತೋನಿಯೊನ ಫೋನು. ಮೊಮ್ಮಗಳು ಮಧ್ಯಾಹ್ನವೇ ನೋಂದಣಿಯೆಲ್ಲ ಮುಗಿಸಿಕೊಟ್ಟಿದ್ದಳು. ಉಳಿದಿದ್ದುದು ಆ ಒಂದು ಪ್ರಶ್ನೆ ಮಾತ್ರ.

"ನೀನೇ ಒತ್ಬಿಡು ಪಾಲ್ಮಾ," ಎಂದ ಮೇಲಿಂದ, ಹರಾಜಿನ ಹಳೆಯ ಗಂಟಲಲ್ಲಿ.

ಒತ್ತಿಬಿಡು ಎಂದು ಫಿಲೊಮೆನಾಳೂ ಪಿಸುಗುಟ್ಟಿದಳು, ಹೊತ್ತಾಗುತ್ತದೆ ಎಂದು ಇನ್ಯಾರೋ ಅವಸರಿಸಿದರು. ಪಾಲ್ಮಾಳ ಹೆಬ್ಬೆರಳು ಗಾಜಿನ ಹತ್ತಿರಕ್ಕೂ ಹೋಯಿತು. ಮರುಕ್ಷಣ ಫೋನನ್ನು ಎದೆಗೊತ್ತಿಕೊಂಡು ಎದುರು ಮನೆಯ ಮೆಟ್ಟಿಲು ಹತ್ತತೊಡಗಿದಳು. ಅವನ ಪರವಾಗಿ ಅವಳು ಹೌದೆನ್ನುವಂತಿಲ್ಲ. ಹಾಗೆ ಎಲ್ಲರ ಪರವಾಗಿ ತಾನೊಬ್ಬಳೇ ಕನಸು ಕಂಡದ್ದರಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು.

ವಿತಾಂತೋನಿಯೊ ಬಾಲ್ಕನಿಯಲ್ಲಿ ಮಂಡಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತಾ ಪ್ರಶ್ನೆಯನ್ನು ಓದಿದ.

"ಪೂರ್ತಿ ಹೋಗ್ಬಹುದಾ?"

"ಹೋಗ್ಬಹುದು."

"ನೀನು ಸುಳ್ಳು ಹೇಳ್ತೀಯ ಅಂದ್ಕೊಂಡಿದ್ದೆ," ಎಂದ.

ಅಷ್ಟರಲ್ಲಿ ಕೆಳಗೆ ಅನ್ನರೀತಾ ಎದ್ದು ನಿಂತು ಎರಡೂ ಕೈ ಬೀಸತೊಡಗಿದಳು. ಅವಳ ಕೆನ್ನೆಗಳು ಒದ್ದೆಯಾಗಿದ್ದವು. ಪಾಲ್ಮಾಳಿಗೆ ತಿಳಿಯಿತು. ದೂರದ ಯಾವುದೋ ಊರಿನವರು ಕೊನೆಯ ಬೆರಳಗಲವನ್ನು ತುಂಬಿಬಿಟ್ಟಿದ್ದರು. ಗುರಿ ದಾಟಿತ್ತು. ಅವಳು ಬಾಲ್ಕನಿಯ ಸರಳು ಹಿಡಿದುಕೊಂಡಳು.

"ಏನಂತೆ ಅವಳಿಗೆ?" ಎಂದ ವಿತಾಂತೋನಿಯೊ.

"ನಿನ್ನ ಬಿಟ್ಟು ಶುರು ಮಾಡಲ್ವಂತೆ."

ಅವನು ಮೀಸೆಯಡಿಯಲ್ಲಿ ಏನೋ ಗೊಣಗಿದ. ಇನ್ನೊಂದು ಸಲ ಪ್ರಶ್ನೆ ಓದಿದ. ಆಮೇಲೆ ಮೀನಿನ ಕಣ್ಣು ನೋಡಿ ಬೆಲೆ ಕಟ್ಟುವವನ ಗಂಭೀರತೆಯಿಂದ, ಬೆರಳನ್ನು ಗಾಜಿನ ಮೇಲಿಟ್ಟ.

ಪಾಲ್ಮಾ ಓಣಿಯ ಕಡೆ ಬಾಗಿದಳು. ಒರೋನ್ಸೊನ ಜೊತೆ ಮಾತಾಡಿ ಮಾತಾಡಿ ಪಳಗಿದ ಗಂಟಲನ್ನು ಪೂರ್ತಿ ತೆರೆದು, ವಿತಾಂತೋನಿಯೊನ ಹೆಸರನ್ನು ಬಂದರಿನವರೆಗೆ ಕೇಳುವಂತೆ ಕೂಗಿದಳು. ಕೆಳಗೆ ಚಪ್ಪಾಳೆ ಎದ್ದಿತು. ಮುದುಕ ಕುರ್ಚಿಯಲ್ಲೇ ನೆಟ್ಟಗಾಗಿ, ಯಾರಿಗೂ ಗೊತ್ತಾಗದಂತೆ ಅಂಗಿಯ ಕಾಲರು ಸರಿಮಾಡಿಕೊಂಡ. ಅವಳು ಅವನ ಪಕ್ಕದ ಕುರ್ಚಿಯಲ್ಲಿ ಕೂತು ಚಪ್ಪಲಿ ಕಳಚಿದಳು. ಅವನು ಸುರಿದುಕೊಟ್ಟ ತಣ್ಣನೆಯ ವೈನನ್ನು, ಬೆಳಕು ಪೂರ್ತಿ ಇಳಿಯುವವರೆಗೂ, ಒಂದೊಂದೇ ಗುಟುಕಾಗಿ ಕುಡಿದು ಮುಗಿಸಿದಳು.